ಕಂಬದಗುಡ್ಡದ ಇನ್ನೂರ ಹನ್ನೆರಡು ಚುಕ್ಕಿ

ಇನ್ನೂ ಬಿಸಿಲು ಬಿದ್ದಿಲ್ಲ. ಕಂಬದಗುಡ್ಡದ ಬುಡದಲ್ಲಿ ಜೀಪು ನಿಲ್ಲುತ್ತದೆ. ಇಳಿದ ಕೂಡಲೇ ಚಿಕ್ಕಬೀರಮ್ಮ ಮೈಮೇಲಿನ ಕಬ್ಬಿಣವನ್ನೆಲ್ಲ ಒಂದೊಂದಾಗಿ ಕಳಚುತ್ತಾರೆ. ಸುತ್ತಿಗೆ, ಲಂಟಾನ ಸವರುವ ಮಚ್ಚು, ಮನೆಯ ಬೀಗದ ಕೈ, ಸೆರಗಿಗೆ ಚುಚ್ಚಿದ ಪಿನ್ನು ಎಲ್ಲವೂ ಜೀಪಿನ ಸೀಟಿನ ಮೇಲೆ ಸಾಲಾಗಿ ಕೂರುತ್ತವೆ. ಕೊನೆಗೆ ಸೊಂಟದಿಂದ ಹಳೆ ಬಟ್ಟೆಯಲ್ಲಿ ಸುತ್ತಿದ ಗೇಣುದ್ದದ ಒಂದು ವಸ್ತುವನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಡ್ರೈವರ್ ನಟರಾಜುವಿನ ಕೈಗೆ ಕೊಡುತ್ತಾರೆ.

"ಇಪ್ಪತ್ತು ಎಜ್ಜೆ ಕಣ್ಲಾ. ನಿನ್ನೆ ಅದಿನೆಂಟಕ್ಕೇ ನಿಂತ್ಬುಟ್ಟಿದ್ದೆ."

"ಎಣಿಸ್ತೀನಿ ಬುಡಕ್ಕ. ಮುರುಕಲು ಕುಡ್ಲು ಇಡ್ಕಂಡು ಎಂಗುಸ್ರ ಇಂದೆ ಗುಡ್ಡ ಸುತ್ತಾಕೆ ನಾನು ಲೈಸೆನ್ಸ್ ಮಾಡುಸ್ದಂಗಾಯ್ತು."

"ಸುತ್ತು, ಸುತ್ತು. ಒಟ್ಟೆ ವಸಿ ಕರಗ್ತದೆ."

ನಟರಾಜು ಎಣಿಸುತ್ತ ದೂರ ಹೋಗುತ್ತಾನೆ. ಚಿಕ್ಕಬೀರಮ್ಮ ಹಾಸುಬಂಡೆಯ ಮೇಲೆ ಬಾಟಲಿಯ ನೀರು ಚೆಲ್ಲುತ್ತಾರೆ. ಒದ್ದೆಯಾದ ಕಲ್ಲಿನಲ್ಲಿ ಕಪ್ಪು ಬಿಳಿ ಪಟ್ಟೆಗಳು ಎದ್ದು ಕಾಣುತ್ತವೆ. ಒಂದು ಕಪ್ಪು ಪಟ್ಟೆಯ ಆಚೆ ಈಚೆ ಕಾಲಿಟ್ಟು ನಿಂತು, ದಿಕ್ಸೂಚಿಯನ್ನು ಹೊಕ್ಕುಳ ಮಟ್ಟಕ್ಕೆ ಹಿಡಿದು, ಪಟ್ಟೆ ಎತ್ತ ಓಡುತ್ತದೆಂದು ನೋಡುತ್ತಾರೆ. ಸೂಜಿ ಅಲುಗಾಡಿ ಅಲುಗಾಡಿ ನಿಲ್ಲುವವರೆಗೆ ಉಸಿರು ಬಿಡುವುದಿಲ್ಲ.

"ಓಟ ಮುನ್ನೂರ ಐವತ್ತೇಳು." ಆಮೇಲೆ ಕುಕ್ಕರುಗಾಲಲ್ಲಿ ಕೂತು, ಪಟ್ಟೆ ಎಷ್ಟು ವಾಲಿದೆಯೆಂದು ನೋಡಲು ದಿಕ್ಸೂಚಿಯನ್ನು ಅದರ ಅಂಚಿಗೆ ಒರಗಿಸುತ್ತಾರೆ. "ವಾಟ ಎಪ್ಪತ್ತೊಂದು, ಮೂಡ್ಲಿಗೆ. ಮ್ಯಾಲಿನೋರು ಏಟು ಜನ ಅವ್ರೆ ಶಾಂತಮ್ಮ?"

ಮೇಲಿನವರು ಎಂದರೆ ಉಪಗ್ರಹಗಳು. ಸಂಶೋಧನಾ ವಿದ್ಯಾರ್ಥಿನಿ ಶಾಂತಲಾ ಕೈಯಲ್ಲಿರುವ ಅಂಗೈಯಗಲದ ಕಂಪ್ಯೂಟರನ್ನು ಆಕಾಶದ ಕಡೆ ತಿರುಗಿಸುತ್ತಾಳೆ. "ಏಳು, ಬೀರಕ್ಕ."

"ಸಾಕು ಬುಡಿ. ಪಂಚಾಯ್ತಿಗೆ ಐದೇ ಜನ ಸಾಕು."

ಪರದೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಮೂಡುತ್ತದೆ. ಅಳೆದ ಜಾಗಕ್ಕೆ ಇವರು ಹೇಳುವುದು ಚುಕ್ಕಿ, ಇದು ನೂರ ತೊಂಬತ್ತನಾಲ್ಕನೆಯದು. ಕಂಬದಗುಡ್ಡದಲ್ಲಿ ಅಳೆಯಬೇಕಾದ ಚುಕ್ಕಿಗಳು ಒಟ್ಟು ಇನ್ನೂರ ಹನ್ನೆರಡು. ಇವತ್ತಿಗೆ ಹನ್ನೊಂದನೆಯ ದಿನ, ಇವತ್ತೇ ಮುಗಿಯಬೇಕು. ಈ ಇನ್ನೂರ ಹನ್ನೆರಡನ್ನೂ ಚಿಕ್ಕಬೀರಮ್ಮ ಹಿಂದೆಯೇ ಒಂದು ಸಲ ಅಳೆದಿದ್ದಾರೆ. ಎರಡನೆಯ ಸಲ ಅಳೆಯುತ್ತಿರುವುದು ಅವರದೇ ಹಟದಿಂದ.

ಮೈಸೂರಿನ ಕಾಲೇಜೊಂದರ ಭೂವಿಜ್ಞಾನ ವಿಭಾಗ ಆರು ವರ್ಷದಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಬಂಡೆಗಳ ನಕ್ಷೆ ಮಾಡುತ್ತಿದೆ. ಈ ಸೀಮೆಯ ಕಲ್ಲುಗಳಲ್ಲಿ ಕೆಲವು ಮುನ್ನೂರು ಕೋಟಿ ವರ್ಷದಷ್ಟು ಹಳೆಯವು ಎಂದು ಅಂದಾಜು. ಒಂದು ಕಾಲದಲ್ಲಿ ಭೂಮಿಯ ಆಳದಲ್ಲಿ ಬೆಂದು ಮೆತ್ತಗಾಗಿ, ಬಿಸಿ ಮುದ್ದೆಯನ್ನು ಎರಡೂ ಕಡೆಯಿಂದ ಅಮುಕಿದಂತೆ ಅಮುಕಿಸಿಕೊಂಡು, ಮಡಿಚಿ, ನುಲಿದು, ಆಮೇಲೆ ಗಟ್ಟಿಯಾದವು. ಆ ಒತ್ತಡದ ಗುರುತು ಪಟ್ಟೆಗಳಲ್ಲಿ ಉಳಿದಿದೆ. ಪಟ್ಟೆ ಎತ್ತ ಓಡುತ್ತದೆ, ಎಷ್ಟು ವಾಲಿದೆ ಎಂದು ಸಾವಿರಾರು ಕಡೆ ಅಳೆದು ಒಂದೇ ನಕ್ಷೆಗೆ ತಂದರೆ, ನೆಲವನ್ನು ಯಾವ ದಿಕ್ಕಿನಿಂದ ಅಮುಕಲಾಯಿತು, ಎಲ್ಲಿ ಅದು ಮಡಿಕೆ ಬಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ.

ಮೊದಲು ಇದೆಲ್ಲ ಕಾಗದ ಮತ್ತು ಬಣ್ಣದ ಪೆನ್ಸಿಲ್ಲಿನ ಕೆಲಸವಾಗಿತ್ತು. ಎರಡು ವರ್ಷದ ಹಿಂದೆ ಅಂಗೈ ಕಂಪ್ಯೂಟರ್ ಬಂತು. ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ಉಪಗ್ರಹಗಳಿಂದ ತಿಳಿದುಕೊಂಡು, ಅಲ್ಲಿನ ಅಳತೆಯನ್ನು ಅಲ್ಲಿಯೇ ಗೆರೆಯಾಗಿ ಎಳೆಯುತ್ತದೆ. ಸಂಜೆ ಅದನ್ನೆಲ್ಲ ದೊಡ್ಡ ಕಂಪ್ಯೂಟರಿಗೆ ಸುರಿದರೆ, ಗೆರೆಗಳು ನಾಟಿ ಹಾಕಿದ ಪೈರಿನಂತೆ ಸಾಲುಗಟ್ಟಿ ನಿಲ್ಲುತ್ತವೆ. ಪ್ರತಿ ಗೆರೆಯ ಪಕ್ಕದಲ್ಲಿ ಅಳೆದವರು ಯಾರೆಂಬ ಗುರುತಿರುತ್ತದೆ. ಈಗಿರುವ ಹನ್ನೊಂದು ಸಾವಿರ ಚುಕ್ಕಿಗಳಲ್ಲಿ ಏಳು ಸಾವಿರದ ನಾನೂರರ ಪಕ್ಕ 'ಸಿ.ಬಿ.' ಎಂದಿದೆ. ಆ ಸಿ.ಬಿ. ಯಾರೆಂದು ಕಾಲೇಜಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಯಾರೋ ಹಳೆಯ ವಿದ್ಯಾರ್ಥಿ ಎಂದುಕೊಂಡವರಿದ್ದಾರೆ.

ಸಿ.ಬಿ. ಎಂದರೆ ಬಂಡೆಕೊಪ್ಪಲಿನ ಚಿಕ್ಕಬೀರಮ್ಮ. ವಯಸ್ಸು ನಲವತ್ತೇಳು. ಓದಿದ್ದು ನಾಲ್ಕನೆಯ ಕ್ಲಾಸು. ದಿನಗೂಲಿಯ ಕೆಲಸ. ದಿನಕ್ಕೆ ಮೂವತ್ತೈದರಿಂದ ನಲವತ್ತು ಚುಕ್ಕಿ, ಎಂಟೊಂಬತ್ತು ಮೈಲಿ ನಡಿಗೆ, ಹಿಂತಿರುಗುವಾಗ ಬೆನ್ನ ಮೇಲೆ ಹದಿನೆಂಟು ಕಿಲೋ ಕಲ್ಲಿನ ಚೂರುಗಳ ಚೀಲ.

ಊರು ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್‌ನಿಂದ ಐದು ಮೈಲಿ. ಅವರು ಹುಟ್ಟಿದ್ದೂ ಅಲ್ಲೇ, ಸೇರಿದ್ದೂ ಅಲ್ಲೇ. ತವರುಮನೆ ಮೇಲಿನ ಬೀದಿ, ಗಂಡನ ಮನೆ ಕೆಳಗಿನ ಬೀದಿ. ತಂದೆ ಅಣ್ಣಯ್ಯ ಎರಡು ಎಕರೆಯಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಈ ಗುಡ್ಡದ ಮೇಲೆ ಕಲ್ಲುಕಂಬ ಸೀಳುತ್ತಿದ್ದರು. ಸುತ್ತಲ ಹತ್ತೂರಿನ ಕೊಟ್ಟಿಗೆಗೂ ಬೇಲಿಗೂ ಕಂಬ ಇಲ್ಲಿಂದಲೇ ಹೋಗುತ್ತಿತ್ತು. ಅದಕ್ಕೇ ಇದು ಕಂಬದಗುಡ್ಡ. ಪಟ್ಟೆಯ ಓಟ ಹಿಡಿದು ಸಾಲಾಗಿ ಸಣ್ಣ ಗುಳಿ ತೋಡಿ, ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಹದವಾಗಿ ಹೊಡೆದರೆ ಹತ್ತಡಿಯ ಕಂಬ ಸೀಳಿ ಬರುತ್ತಿತ್ತು. ಓಟ ತಪ್ಪಿದರೆ ಕಂಬ ನಡುವೆ ಮುರಿಯುತ್ತಿತ್ತು.

"ನಮ್ಮಪ್ಪ ಮೊದ್ಲು ನೀರು ಉಯ್ಯಿ ಅನ್ನೋನು. ನಾನು ಕೊಡ ತಂದು ಉಯ್ಯೋಳು. ಕಲ್ಲು ಆರ್ತಾ ಆರ್ತಾ ಗೆರೆ ತಾನೇ ಕಾಣ್ತದೆ ಕಣ್ರೀ. ಅಪ್ಪ ಸುಮ್ನೆ ಕುಂತ್ಕಂಡು ಬೀಡಿ ಸೇದ್ತಾ ಅದ್ನೇ ನೋಡೋನು. ಅದೇನು ಟೆಂಟ್ ಸಿನ್ಮಾ ನೋಡ್ದಂಗೆ ನೋಡ್ತೀಯಾ ಅಂತ ಅವ್ವ ಬಯ್ಯೋಳು."

ನೀರು ಚೆಲ್ಲುವ ಆ ಅಭ್ಯಾಸ ಇವತ್ತಿಗೂ ಹೋಗಿಲ್ಲ. ಈಗ ವಿಭಾಗದ ಎಲ್ಲ ವಿದ್ಯಾರ್ಥಿಗಳ ಚೀಲದಲ್ಲೂ ಒಂದು ಬಾಟಲಿ ಹೆಚ್ಚಿಗೆ ಇರುತ್ತದೆ, ಕಲ್ಲಿನ ಪಾಲಿಗೆಂದು.

ಕೆಲಸ ಸಿಕ್ಕಿದ್ದು ಹೀಗೆ. 1998ರಲ್ಲಿ ಭೂವಿಜ್ಞಾನದ ಅಧ್ಯಾಪಕ ಗಂಗಾಧರಪ್ಪ ನಾಲ್ಕಾರು ವಿದ್ಯಾರ್ಥಿಗಳೊಂದಿಗೆ ಊರ ಕೆರೆಯ ಹತ್ತಿರ ಒಂದು ಬಂಡೆಯನ್ನು ಬಹಳ ಶ್ರದ್ಧೆಯಿಂದ ಅಳೆಯುತ್ತಿದ್ದರು. ಮೇವು ಹೊತ್ತು ಬರುತ್ತಿದ್ದ ಚಿಕ್ಕಬೀರಮ್ಮ ನಿಂತು ನೋಡಿದರು. ತಡೆಯಲಾಗಲಿಲ್ಲ.

"ಸಾ, ಅದು ಉಳ್ಳಿಬಂದಿರೋ ಕಲ್ಲು. ಏರಿ ಒಡ್ದೋದಾಗ ನಮ್ಮೂರೋರು ಉಳ್ಳಿಸ್ಕಂಡು ಬಂದಿದ್ದು. ಅದ್ಕೆ ಊರೇ ಇಲ್ಲ, ಅದ್ರ ದಿಕ್ಕು ತಕ್ಕಂಡು ಏನ್ ಮಾಡೀರಿ?"

ವಿದ್ಯಾರ್ಥಿಗಳು ನಕ್ಕರು. ಗಂಗಾಧರಪ್ಪ ನಗಲಿಲ್ಲ. "ಹಾಗಾದರೆ ಊರಿರುವ ಕಲ್ಲು ಯಾವುದಮ್ಮ?" ಎಂದು ಕೇಳಿದರು. ಮೇವಿನ ಹೊರೆ ಇಳಿಸಿ ಅವರು ತೋರಿಸುತ್ತ ಹೋದರು. ಮಧ್ಯಾಹ್ನದ ಹೊತ್ತಿಗೆ ಹದಿನಾರು ಬಂಡೆಗಳು ಪಟ್ಟಿಗೆ ಸೇರಿದವು. ಮರುದಿನ ಬೆಳಿಗ್ಗೆ ಜೀಪು ಅವರ ಮನೆ ಮುಂದೆ ನಿಂತಿತು.

ಮೊದಲ ವರ್ಷ ಚೀಲ ಹೊರುವುದು, ದಾರಿ ಸವರುವುದು. ದಿಕ್ಸೂಚಿ ಕೈಗೆ ಬಂದದ್ದು ಎರಡನೆಯ ವರ್ಷ. ಮುನ್ನೂರ ಅರವತ್ತು ಗೆರೆಗಳ ಆ ಬಿಲ್ಲೆಯನ್ನು ಮನೆಗೊಯ್ದು ಜಗಲಿಯ ಮೇಲೆ ಕೂತು ಕಲಿತರು. ಮನೆ ಮುಂದಿನ ಬೀದಿಯ ಓಟ ತೊಂಬತ್ತೆರಡು. ಮಾಡಿನ ತೊಲೆ ನೂರ ಎಂಬತ್ತು. ಅತ್ತೆ ಕುಳ್ಳಮ್ಮನ ಮಂಚ ನೂರ ಎಪ್ಪತ್ತಾರು.

"ನನ್ ಮಂಚ ಯಾಕಮ್ಮಿ ಅಳೀತೀಯೆ? ಚಟ್ಟಕ್ಕೆ ಅಳತೆ ತಕ್ಕತಾ ಇದ್ದೀಯೇನು?" ಎಂದಿದ್ದರಂತೆ ಕುಳ್ಳಮ್ಮ.

ಗಂಡ ಲಿಂಗಣ್ಣ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳುವವರು. ಗಂಡಸರ ಜೊತೆ ಜೀಪಿನಲ್ಲಿ ಹೋಗುತ್ತಾಳೆ ಎಂದು ಬೀದಿಯಲ್ಲಿ ಮಾತು ಹುಟ್ಟಿದಾಗ ಅವರು ಹೇಳಿದ್ದು ಒಂದೇ. "ಓಗ್ಲಿ ಬುಡ್ರಲಾ. ಕಲ್ಲಾದ್ರೂ ಅವ್ಳ್ ಮಾತು ಕೇಳ್ತದೆ. ನಾನೆಲ್ಲಿ ಕೇಳ್ತೀನಿ?"

ಅಳತೆಗೆಂದು ಅಲೆದದ್ದು ಒಂದೆರಡು ಕಡೆಯಲ್ಲ. ಗಾವಡಗೆರೆಯ ಹೊಲಗಳಲ್ಲಿ ಮೊಳಕಾಲುದ್ದದ ಮುಳ್ಳು, ವೀರನಹೊಸಹಳ್ಳಿಯ ಕಡೆ ಕಾಡಂಚು. ಒಮ್ಮೆ ಆನೆ ಬಂತೆಂದು ಎಲ್ಲರೂ ಚೀಲ ಬಿಸಾಕಿ ಓಡಿದರು. ಅರ್ಧ ಗಂಟೆಯ ಮೇಲೆ ಚಿಕ್ಕಬೀರಮ್ಮ ಒಬ್ಬರೇ ಹಿಂತಿರುಗಿ ಚೀಲ ತಂದರು. "ನಲವತ್ತು ಚುಕ್ಕಿ ಅದ್ರಲ್ಲಿತ್ತು. ಆನೆ ಏನ್ ಮಾಡ್ಕತದೆ ಅದ್ನ?" ಎನ್ನುತ್ತಾರೆ.

ಇಷ್ಟು ವರ್ಷದ ಈ ಅಳತೆಗೆ ಪೆಟ್ಟು ಬಿದ್ದದ್ದು ಹೋದ ಕಾರ್ತೀಕದಲ್ಲಿ.

ಮಗಳು ಸುಧಾ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಹೆಣ್ಣು ಕೂಸು. ಅದಕ್ಕೆ ಮೊದಲಿನದು ಹನ್ನೊಂದು ದಿನಕ್ಕೆ ಹೋಗಿತ್ತು. ಈ ಸಲ ಕುಳ್ಳಮ್ಮ ಯಾವುದಕ್ಕೂ ಎಡೆ ಕೊಡುವವರಲ್ಲ. ಬೆಟ್ಟ ಬಂಡೆ ಅಲೆಯುವ ಸೊಸೆ ತನ್ನ ಹಿಂದೆಯೇ ಗಾಳಿ ಸೋಕನ್ನು ಮನೆಗೆ ಕರೆತರಬಾರದೆಂದು, ಮುರಿದ ಕುಡುಗೋಲಿನ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಅವರ ಸೊಂಟಕ್ಕೆ ಸಿಕ್ಕಿಸಿದರು. ಐದನೆಯ ತಿಂಗಳಲ್ಲಿ ಬಾಣಂತಿ ಗಂಡನ ಮನೆಗೆ ಹೋಗುವವರೆಗೂ, ಮನೆಯಿಂದ ಹೊರಗಿರುವಷ್ಟು ಹೊತ್ತು ಅದು ಅಲ್ಲಿಂದ ಕದಲಬಾರದು. ಬಾಣಂತಿ ಇರುವ ಮನೆಯಲ್ಲಿ ಈ ಸೀಮೆಯವರು ಕಬ್ಬಿಣ ಇಡುವುದು ಹೊಸತಲ್ಲ. ಚಿಕ್ಕಬೀರಮ್ಮನಿಗೂ ಅದರಲ್ಲಿ ಎರಡನೆಯ ಯೋಚನೆ ಇರಲಿಲ್ಲ.

ಬಾಣಂತನದ ನಡುವೆ ಬಿಡುವಾದ ದಿನಗಳಲ್ಲಷ್ಟೇ ಕೆಲಸ, ಮೂರು ತಿಂಗಳಲ್ಲಿ ಅವರು ಅಳೆದದ್ದು ಕಂಬದಗುಡ್ಡ ಒಂದನ್ನೇ. ಮಾಘದಲ್ಲಿ ಗಂಗಾಧರಪ್ಪ ನಕ್ಷೆಯನ್ನು ಪರದೆಯ ಮೇಲೆ ತೆರೆದಾಗ ಗುಡ್ಡದ ಗೆರೆಗಳು ಬಿಲ್ಲಿನಂತೆ ಬಾಗಿದ್ದವು. ಬಡಗಣ ಅರ್ಧ ಒಂದು ಕಡೆಗೆ, ತೆಂಕಣ ಅರ್ಧ ಇನ್ನೊಂದು ಕಡೆಗೆ. ಅದುವರೆಗೆ ಯಾರೂ ಗುರುತಿಸಿರದ ಒಂದು ದೊಡ್ಡ ಮಡಿಕೆ. ಗಂಗಾಧರಪ್ಪ ಅದರ ಮೇಲೆ ಪ್ರಬಂಧ ಬರೆಯತೊಡಗಿದರು. ಮಾರ್ಚ್ ಕೊನೆಯಲ್ಲಿ ಮೈಸೂರಿನಲ್ಲಿ ವಿಚಾರಗೋಷ್ಠಿ ಇತ್ತು. ಬರಹ ಮುಗಿಯುತ್ತ ಬಂದಾಗ ಒಂದು ದಿನ ಪರದೆಯನ್ನು ಚಿಕ್ಕಬೀರಮ್ಮನ ಕಡೆಗೂ ತಿರುಗಿಸಿ, "ನೋಡಿ ಬೀರಮ್ಮ, ನಿಮ್ಮ ಗುಡ್ಡದ ಹೊಟ್ಟೆಯಲ್ಲಿ ಏನಿದೆ" ಎಂದು ತೋರಿಸಿದರು.

ಚಿಕ್ಕಬೀರಮ್ಮ ಗೆರೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು.

"ಇಲ್ಲ ಸಾ. ಕಂಬದಗುಡ್ಡ ಬಾಗಾಕಿಲ್ಲ."

"ಅಳೆದಿರುವುದು ನೀವೇ ಅಲ್ಲವೇನಮ್ಮ?"

"ನಾನೇಯ. ಆದ್ರೂ ಬಾಗಾಕಿಲ್ಲ. ಬಾಗಿರೋ ಕಲ್ಲಲ್ಲಿ ನಮ್ಮಪ್ಪ ಅತ್ತಡಿ ಕಂಬ ಎಂಗೆ ತೆಗೀತಿದ್ದ?"

ಗಂಗಾಧರಪ್ಪನವರ ಬಳಿ ಉತ್ತರವಿತ್ತು. ಹತ್ತಡಿಯಲ್ಲಿ ಕಾಣದ ಬಾಗು ಅರ್ಧ ಮೈಲಿಯಲ್ಲಿ ಕಾಣುತ್ತದೆ ಎಂದರು. ಚಿಕ್ಕಬೀರಮ್ಮ ವಾದ ಬೆಳೆಸಲಿಲ್ಲ. ಮರುದಿನ ಶಾಂತಲಾಳನ್ನು ಕರೆದುಕೊಂಡು ಗುಡ್ಡಕ್ಕೆ ಹೋದರು. ಅಲ್ಲಿ ತೋಳಗಲದ ಒಂದು ಕರಿ ಪಟ್ಟೆ ಗುಡ್ಡದ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಯಂತ್ರವನ್ನು ಕೈಯಲ್ಲಿ ಹಿಡಿದು ಅದರ ಮೇಲೆಯೇ ನಡೆಯುವಂತೆ ಶಾಂತಲಾಳಿಗೆ ಹೇಳಿದರು. ದಿಕ್ಸೂಚಿ ಬೇಡ, ಬರೀ ನಡಿಗೆ. ನಡೆದ ಜಾಡನ್ನು ಯಂತ್ರ ತಾನೇ ಎಳೆಯುತ್ತದೆ.

ಅರ್ಧ ಮೈಲಿ ನಡೆದ ಮೇಲೆ ಶಾಂತಲಾ ಪರದೆ ನೋಡಿದಳು. ಜಾಡು ನೆಟ್ಟಗಿತ್ತು. ಅದೇ ಪಟ್ಟೆಯ ಮೇಲೆ ಸಿ.ಬಿ. ಗುರುತಿನ ಗೆರೆಗಳು ಬಾಗಿದ್ದವು.

ಇಬ್ಬರೂ ಒಂದೇ ಜಾಗದಲ್ಲಿ, ಒಂದೇ ದಿಕ್ಸೂಚಿಯಲ್ಲಿ ಅಳೆದರು. ಶಾಂತಲಾಗೆ ಬಂದದ್ದು ಮುನ್ನೂರ ಐವತ್ತೆಂಟು. ಚಿಕ್ಕಬೀರಮ್ಮನಿಗೆ ಬಂದದ್ದು ಹದಿನೇಳು. ಮತ್ತೆ ಅಳೆದರು. ಮತ್ತೆ ಹದಿನೇಳು.

"ಕಣ್ಣು ಓಯ್ತು ಅನ್ಕಂಡೆ ಕಣ್ರೀ. ಕಣ್ಣು ಓದ್ರೆ ಈ ಕೆಲ್ಸನೂ ಓದಂಗೇಯ."

ಆ ಸಂಜೆ ಮನೆ ಬಾಗಿಲಲ್ಲಿ ಎಂದಿನಂತೆ ಕುಡುಗೋಲಿನ ತುಂಡನ್ನು ಅತ್ತೆಯ ಕೈಗೆ ಕೊಟ್ಟು ಕಾಲು ತೊಳೆದರು. ಒಳಗೆ ಹೋಗಲಿಲ್ಲ. ಜಗಲಿಯ ಮೇಲೆ ಕೂತು ದಿಕ್ಸೂಚಿ ತೆರೆದು ಮನೆ ಮುಂದಿನ ಬೀದಿಯನ್ನು ಅಳೆದರು. ತೊಂಬತ್ತೆರಡು. ಐದು ವರ್ಷದ ಹಿಂದೆ ಕಲಿತಾಗ ಎಷ್ಟಿತ್ತೋ ಅಷ್ಟೇ. ಕಣ್ಣು ಸರಿಯಾಗಿಯೇ ಇತ್ತು. ಹಾಗಾದರೆ ಗುಡ್ಡದ ಮೇಲೆ ಏನಾಯಿತು ಎಂದು ಅವರು ಯೋಚಿಸುತ್ತಿರುವಾಗಲೇ ಕುಳ್ಳಮ್ಮ ಹೊರಗೆ ಬಂದರು. ಕೊಟ್ಟಿಗೆಗೆ ಹೋಗುವವಳು ಇದನ್ನು ಬಿಟ್ಟು ಹೋಗಬೇಡ ಎನ್ನುತ್ತ ಕುಡುಗೋಲಿನ ತುಂಡನ್ನು ಸೊಸೆಯ ಮಗ್ಗುಲಲ್ಲಿ ಇಟ್ಟರು.

ಸೂಜಿ ನಿಧಾನವಾಗಿ ಅದರ ಕಡೆಗೆ ತಿರುಗಿತು, ಕರು ತಾಯಿಯ ಕಡೆ ತಿರುಗುವ ಹಾಗೆ.

"ಕಬ್ಣ ದೂರ ಇಕ್ಕು ಅಂತ ಮೇಷ್ಟ್ರು ಮೊದ್ಲ ದಿನ್ವೇ ಏಳಿದ್ರು. ಸುತ್ಗೆ ಇಕ್ತಿದ್ದೆ. ಮಚ್ಚು ಇಕ್ತಿದ್ದೆ. ಇದೂ ಕಬ್ಣ ಅಂತ ನಂಗೆ ಅನ್ಸಲೇ ಇಲ್ಲ. ಇದು ಕಾವ್ಲು ಅಲ್ವಾ?"

ಸುಮ್ಮನಿರಬಹುದಿತ್ತು. ಮಡಿಕೆ ಸಿಕ್ಕಿತೆಂದು ಮೇಷ್ಟರಿಗೆ ಸಂತೋಷವಾಗಿತ್ತು, ಪ್ರಬಂಧ ಮುಗಿಯುತ್ತ ಬಂದಿತ್ತು. ಕುಡುಗೋಲಿನ ಸುದ್ದಿ ಸೊಸೆ ಅತ್ತೆಯನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹ್ಯಾಂಡ್‌ಪೋಸ್ಟ್‌ನ ಚಹದಂಗಡಿಯಲ್ಲಿ ಚಿಕ್ಕಬೀರಮ್ಮ ಬೆಂಚಿನ ಮೇಲೆ ದಿಕ್ಸೂಚಿ ಇಟ್ಟು, ಅದರ ಪಕ್ಕ ಕುಡುಗೋಲಿನ ತುಂಡು ಇಟ್ಟರು. ಗಂಗಾಧರಪ್ಪ ಸೂಜಿಯನ್ನು ನೋಡಿದರು. ಅವರ ಚಹ ಆರಿ ಕೆನೆಗಟ್ಟಿತು.

"ಎಷ್ಟು ದಿನದಿಂದ?" ಎಂದರು.

"ಕೂಸು ಉಟ್ಟಿದಾಗ್ಲಿಂದ ಸಾ."

ಇನ್ನೂರ ಹನ್ನೆರಡು ಚುಕ್ಕಿ. ಅವರು ಬಯ್ಯಲಿಲ್ಲ. ಒಂದು ಗುಂಡಿ ಒತ್ತಿ ಎಲ್ಲವನ್ನೂ ಅಳಿಸಿಬಿಡಬಹುದು ಎಂದರು. ಕಬ್ಬಿಣ ಸೂಜಿಯನ್ನು ಎಷ್ಟು ಎಳೆದಿದೆಯೋ ಅಷ್ಟನ್ನು ಎಲ್ಲದರಿಂದ ಕಳೆದರೆ ಹೇಗೆ, ಕಂಪ್ಯೂಟರ್ ಒಂದು ನಿಮಿಷದಲ್ಲಿ ಮಾಡುತ್ತದೆ ಎಂದು ಶಾಂತಲಾ ಕೇಳಿದಳು. ಅದು ಆಗದು ಎಂದವರು ಚಿಕ್ಕಬೀರಮ್ಮನೇ. ಮೊದಮೊದಲು ತುಂಡನ್ನು ಎಡಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಅಲ್ಲಿ ತರಚಿ ಗಾಯವಾದ ಮೇಲೆ ಬಲಕ್ಕೆ ಬದಲಿಸಿದರು. ಎಡಕ್ಕಿದ್ದಾಗ ಸೂಜಿ ಅತ್ತ, ಬಲಕ್ಕಿದ್ದಾಗ ಇತ್ತ. ಬಡಗಣ ಅರ್ಧ, ತೆಂಕಣ ಅರ್ಧ. ಬಿಲ್ಲು ಹುಟ್ಟಿದ್ದು ಹಾಗೆ. ಯಾವ ದಿನ ಬದಲಿಸಿದ್ದೆಂದು ಆಣೆ ಮಾಡಿ ಹೇಳಲಾರೆ ಎಂದರು.

"ಅಂದಾಜ್ಗೆ ಗೆರೆ ಎಳೆಯಾಕೆ ನಾನ್ಯಾಕೆ ಬೇಕು ಸಾ? ನಾನೇ ಕೆಡ್ಸಿದ್ದು, ನಾನೇ ಅಳ್ಕೊಡ್ತೀನಿ. ಅದಿನೈದು ದಿನ ಕೊಡಿ."

ಮನೆಯಲ್ಲಿ ಇನ್ನೊಂದು ಪಂಚಾಯಿತಿ ಕಾದಿತ್ತು. ಕಬ್ಬಿಣವಿಲ್ಲದೆ ಗುಡ್ಡಕ್ಕೆ ಹೋಗಲು ಕುಳ್ಳಮ್ಮ ಒಪ್ಪಲಿಲ್ಲ. ಸ್ವತಃ ಗಂಗಾಧರಪ್ಪನವರೇ ಜಗಲಿಗೆ ಬಂದು, ಹಿತ್ತಾಳೆಯಾದರೆ ಸೂಜಿಗೆ ತೊಂದರೆಯಿಲ್ಲ ಎಂದರು.

"ಗಾಳಿ ಅಂಜೋದು ಕಬ್ಣಕ್ಕೆ, ನಿಮ್ಮ ಇತ್ತಾಳೆಗಲ್ಲ" ಎಂದರು ಕುಳ್ಳಮ್ಮ. "ನಿಮ್ ಕಲ್ಲು ಎಲ್ಗೂ ಓಗಾಕಿಲ್ಲ ಸಾಮಿ. ನಮ್ ಕೂಸು ಒಂದು ಓಗದೆ."

ಸೂಜಿಗೆ ತಾಗದಷ್ಟು ದೂರ, ಆದರೆ ಜೊತೆ ಬಿಡದಷ್ಟು ಹತ್ತಿರ ಅದು ಇರಲಿ ಎಂದು ಕೊನೆಗೆ ತೀರ್ಮಾನವಾಯಿತು. ಇಪ್ಪತ್ತು ಹೆಜ್ಜೆ. ಹಿಡಿದು ನಿಲ್ಲುವ ಕೆಲಸ ನಟರಾಜುವಿನ ಪಾಲಿಗೆ ಬಂತು.

ಹೀಗೆ ಶುರುವಾದ ಎರಡನೆಯ ಸುತ್ತು ಇವತ್ತು ಮುಗಿಯುತ್ತಿದೆ. ಹಳೆಯ ಚುಕ್ಕಿಗಳನ್ನು ಶಾಂತಲಾ ಪರದೆಯ ಮೇಲೆ ಕೆಂಪಗೆ ಮಾಡಿದ್ದಾಳೆ, ಹೊಸವು ಕಪ್ಪಗೆ ಬೀಳುತ್ತವೆ. ಯಂತ್ರ ಹಳೆಯ ಜಾಗದ ಹತ್ತು ಹೆಜ್ಜೆ ಹತ್ತಿರಕ್ಕೆ ಕರೆದೊಯ್ಯುತ್ತದೆ, ಅದಕ್ಕಿಂತ ನಿಖರವಾಗಿ ಅದಕ್ಕೆ ಗೊತ್ತಿಲ್ಲ. ಉಳಿದ ಹತ್ತು ಹೆಜ್ಜೆ ಚಿಕ್ಕಬೀರಮ್ಮನ ನೆನಪು.

"ಇಲ್ಲಲ್ಲ, ವಸಿ ಕೆಳೀಕೆ. ಇಲ್ಲಿ ಕುಂತಾಗ ಗೊದ್ದ ಕಚ್ತು ನಂಗೆ. ಅಗೋ, ಅದೇ ಗೂಡು."

ಗೊದ್ದದಿರುವೆಯ ಗೂಡಿನ ಪಕ್ಕದಲ್ಲಿ ನೂರ ತೊಂಬತ್ತೊಂಬತ್ತು. ಒಡೆದುಳಿದ ಕಂಬವೊಂದರ ಹತ್ತಿರ ಇನ್ನೂರ ಮೂರು. ಆ ಕಂಬದಲ್ಲಿ ಸಾಲಾಗಿ ಐದು ಗುಳಿಗಳಿವೆ. ಅಣ್ಣಯ್ಯ ತೋಡಿ, ಯಾಕೋ ಸೀಳದೆ ಬಿಟ್ಟವು. ಚಿಕ್ಕಬೀರಮ್ಮ ಗುಳಿಗಳ ಸಾಲಿನ ಓಟವನ್ನೂ ಅಳೆಯುತ್ತಾರೆ. ಇದು ಲೆಕ್ಕಕ್ಕಿಲ್ಲ, ಸುಮ್ಮನೆ. ಮುನ್ನೂರ ಐವತ್ತೆಂಟು. ಪಕ್ಕದ ಪಟ್ಟೆಯದೂ ಮುನ್ನೂರ ಐವತ್ತೆಂಟು. ದಿಕ್ಸೂಚಿಯನ್ನೇ ಕಾಣದಿದ್ದ ಮನುಷ್ಯ ಬೀಡಿ ಸೇದುತ್ತ ಕೂತು ಇಟ್ಟ ಗುರುತು ಅದು. ಬಾಟಲಿಯಲ್ಲಿ ಉಳಿದ ನೀರನ್ನು ಗುಳಿಗಳ ಮೇಲೆ ಚೆಲ್ಲಿ ಮುಂದೆ ಹೋಗುತ್ತಾರೆ.

ಹನ್ನೊಂದು ಗಂಟೆಯ ಬಸ್ಸಿಗೆ ಗಂಗಾಧರಪ್ಪ ಬರುತ್ತಾರೆ. ಗುಡ್ಡ ಹತ್ತಿ ಬಂದು ಸುಸ್ತಾಗಿ ಕೂರುತ್ತಾರೆ. ಗೋಷ್ಠಿಗೆ ಇನ್ನು ನಾಲ್ಕು ದಿನ. ಇನ್ನೂರ ಹನ್ನೆರಡನೆಯ ಚುಕ್ಕಿ ಅವರ ಎದುರಿಗೇ ಬೀಳುತ್ತದೆ. ಶಾಂತಲಾ ಕೆಂಪು ಗೆರೆಗಳನ್ನು ಮರೆಮಾಡಿ ಪರದೆಯನ್ನು ಅವರ ಕಡೆ ಹಿಡಿಯುತ್ತಾಳೆ.

ಗೆರೆಗಳೆಲ್ಲ ಬಾಚಿದ ಕೂದಲಿನಂತೆ ಬಡಗಣಕ್ಕೆ ನೆಟ್ಟಗೆ ಮಲಗಿವೆ. ಮಡಿಕೆ ಇಲ್ಲ.

"ಪ್ರಬಂಧ ಏನಾಯ್ತದೆ ಸಾ?" ಚಿಕ್ಕಬೀರಮ್ಮ ಕೇಳುತ್ತಾರೆ. ಹನ್ನೊಂದು ದಿನದಿಂದ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ.

ಗಂಗಾಧರಪ್ಪ ಪರದೆಯ ಮೇಲಿನ ನಕ್ಷೆಯನ್ನು ಕಿರಿದು ಮಾಡುತ್ತಾರೆ. ಸುತ್ತಲಿನ ಗುಡ್ಡಗಳೂ ಕಾಣಿಸುತ್ತವೆ. ಮೂಡಲಲ್ಲಿ ಮಡಿಕೆ, ಪಡುವಲಲ್ಲಿ ಮಡಿಕೆ, ನಡುವೆ ಕಂಬದಗುಡ್ಡ. "ಹೊಸದಾಗಿ ಬರೆದೆ. ಎರಡೂ ಕಡೆಯ ಕಲ್ಲು ಇಷ್ಟು ಬಾಗಿರುವಾಗ ಇದೊಂದು ಯಾಕೆ ಬಾಗಲಿಲ್ಲ? ಇದು ಮೊದಲಿನದಕ್ಕಿಂತ ಒಳ್ಳೆಯ ಪ್ರಶ್ನೆ. ಉತ್ತರ ನನಗೆ ಗೊತ್ತಿಲ್ಲ."

"ನಮ್ಮಪ್ಪನೂ ಅಂಗೇ ಇದ್ದ ಬುಡಿ, ಯಾರ್ಗೂ ಬಾಗ್ತಿರ್ನಿಲ್ಲ" ಎನ್ನುತ್ತಾರೆ ಚಿಕ್ಕಬೀರಮ್ಮ. ಗಂಗಾಧರಪ್ಪ ಜೋರಾಗಿ ನಗುತ್ತಾರೆ. ಆಮೇಲೆ ಕೆಂಪು ಚುಕ್ಕಿಗಳನ್ನು ಅಳಿಸಿಬಿಡಲು ಶಾಂತಲಾಗೆ ಹೇಳುತ್ತಾರೆ.

"ಅಳಿಸ್ಬ್ಯಾಡಿ ಸಾ."

ಇಬ್ಬರೂ ಅವರ ಕಡೆ ತಿರುಗುತ್ತಾರೆ.

"ಅಳಿಸ್ಬುಟ್ರೆ ನಾನು ತಪ್ಪೇ ಮಾಡ್ನಿಲ್ಲ ಅಂದಂಗಾಯ್ತದೆ. ಅವೂ ಇರ್ಲಿ, ಇವೂ ಇರ್ಲಿ. ನಾಳೆ ಇನ್ಯಾವ್ಳಾದ್ರೂ ಬಾಣಂತಿ ಮನೆಯಿಂದ ಬಂದು ಇದೇ ಕೆಲ್ಸಕ್ಕೆ ನಿಂತ್ಕತಾಳೆ. ಅವ್ಳಿಗೆ ಗೊತ್ತಾಗ್ಬೇಕಲ್ಲ, ಯಾಕೆ ಕೆಡ್ತು ಅಂತ."

ಪ್ರತಿ ಚುಕ್ಕಿಗೂ ಕೊನೆಯಲ್ಲಿ ಷರಾ ಎಂಬ ಒಂದು ಮನೆ ಇದೆ, ಅದರಲ್ಲಿ ಕಾರಣ ಬರೆಯಬಹುದು ಎಂದು ಶಾಂತಲಾ ಹೇಳುತ್ತಾಳೆ.

"ಷರಾ ಅಂದ್ರೆ? ನಮ್ ಜಮೀನ್ ಪಾಣೀಲಿ ಕೊನೇಗೆ ಇರ್ತದಲ್ಲ, ಅದೇಯಾ?"

"ಅದೇ, ಬೀರಕ್ಕ. ಏನು ಬರೆಯಲಿ? ಇನ್ನೂರ ಹನ್ನೆರಡಕ್ಕೂ ಒಂದೇ ಸಲ ಬೀಳುತ್ತದೆ."

ಚಿಕ್ಕಬೀರಮ್ಮ ನಟರಾಜುವನ್ನು ಕೈಬೀಸಿ ಕರೆಯುತ್ತಾರೆ. ಅವನು ಇಪ್ಪತ್ತು ಹೆಜ್ಜೆಯನ್ನು ತಪ್ಪದೆ ಎಣಿಸಿಕೊಂಡೇ ಬಂದು ಬಟ್ಟೆಯ ಗಂಟನ್ನು ಒಪ್ಪಿಸುತ್ತಾನೆ. ಅದನ್ನು ಕಣ್ಣಿಗೊತ್ತಿ, ಸೊಂಟಕ್ಕೆ ಸಿಕ್ಕಿಸಿ, ಸೆರಗು ಬಿಗಿದು ಹೇಳುತ್ತಾರೆ:

"ಬರ್ಕಳಿ. ಮನೇಲಿ ಬಾಣಂತಿ. ಸೊಂಟದಲ್ಲಿ ಕಬ್ಣ. ಅಳ್ದೋಳು ಚಿಕ್ಕಬೀರಮ್ಮ."

ಶಾಂತಲಾ ಒಂದೊಂದೇ ಅಕ್ಷರ ಒತ್ತುತ್ತಾಳೆ. ಮುಗಿಸಿ ಓದಿ ಹೇಳುತ್ತಾಳೆ. ಚಿಕ್ಕಬೀರಮ್ಮ ತಲೆಯಾಡಿಸಿ, ಚೀಲ ಎತ್ತಿ ಬೆನ್ನಿಗೇರಿಸಿ, ನಾಲ್ಕು ಹೆಜ್ಜೆ ಇಳಿದವರು ನಿಲ್ಲುತ್ತಾರೆ.

"ಶಾಂತಮ್ಮ, ಇನ್ನೂ ವಸಿ ಜಾಗ ಅದಾ ಅದ್ರಲ್ಲಿ?"

"ಇದೆ, ಬೀರಕ್ಕ."

"ಅಂಗಾರೆ ಕೂಸು ಚೆಂದಾಗದೆ ಅಂತ್ಲೂ ಬರೀರಿ."